ಬಸುರಿನಲ್ಲಿ ಶುಗರ್: ಚೀಟಿ ಕೈಗೆ ಬಂದ ದಿನದಿಂದ ಬಾಣಂತನದವರೆಗೆ

ಆರನೇ ತಿಂಗಳಲ್ಲಿ ಗ್ಲುಕೋಸ್ ಕುಡಿಸಿ ಮಾಡಿದ ಪರೀಕ್ಷೆಯಲ್ಲಿ 148 (ಇಲ್ಲಿನ ಶುಗರ್ ಅಂಕಿಗಳೆಲ್ಲ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ) ಬಂತು, ಶುಗರ್ ಇದೆ ಎಂದರು ಅಂದುಕೊಳ್ಳಿ. ಮನೆಯಲ್ಲಿ ಎರಡು ಬಗೆಯ ಮಾತು ಏಳುತ್ತದೆ. ‘ಬಸುರಿನಲ್ಲಿ ಇದೆಲ್ಲ ಇದ್ದದ್ದೇ, ಹೆರಿಗೆ ಆದ ಮೇಲೆ ತಾನಾಗೇ ಹೋಗುತ್ತೆ’ ಎನ್ನುವವರು ಒಂದು ಕಡೆ. ಅವತ್ತಿನಿಂದಲೇ ಅನ್ನ, ಹಣ್ಣು, ಹಾಲು ಎಲ್ಲಕ್ಕೂ ಬೀಗ ಹಾಕುವವರು ಇನ್ನೊಂದು ಕಡೆ. ಎರಡರಿಂದಲೂ ಮಗುವಿಗೆ ಒಳ್ಳೆಯದಾಗುವುದಿಲ್ಲ. ಯಾವ ತಿಂಡಿ, ಎಷ್ಟು, ಯಾವ ಹೊತ್ತಿಗೆ ಎಂಬುದನ್ನು ಅವರಿವರ ಮಾತಿನಿಂದಲ್ಲ, ಊಟವಾದ ಮೇಲೆ ನಿಮ್ಮದೇ ಬೆರಳಿನ ಹನಿ ರಕ್ತದಿಂದ ತಿಳಿಯಬೇಕು. ಈ ಲೇಖನದ ಬಹುಪಾಲು ಅದರ ಬಗ್ಗೆಯೇ.

ಒಳಗೆ ಏನಾಗುತ್ತಿದೆ

ಐದನೇ ತಿಂಗಳ ಹೊತ್ತಿಗೆ ಮಾಸು (ಪ್ಲಾಸೆಂಟಾ) ಬೆಳೆದು ಹಲವು ಹಾರ್ಮೋನುಗಳನ್ನು ಸುರಿಸುತ್ತದೆ. ಮಗುವಿಗೆ ಸಕ್ಕರೆ ಧಾರಾಳವಾಗಿ ಸಿಗಲಿ ಎಂದು ಅವು ರಕ್ತದ ಸಕ್ಕರೆ ಇಳಿಸುವ ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಆಗ ತಾಯಿಯ ಮೇದೋಜೀರಕ ಗ್ರಂಥಿ ಎರಡು ಮೂರು ಪಟ್ಟು ಹೆಚ್ಚು ಇನ್ಸುಲಿನ್ ತಯಾರಿಸಬೇಕು. ಬಹಳ ಮಂದಿಗೆ ಅದು ಸಾಧ್ಯವಾಗುತ್ತದೆ. ಸಾಧ್ಯವಾಗದವರಲ್ಲಿ ಶುಗರ್ ಏರುತ್ತದೆ. ಸಿಹಿ ತಿಂದದ್ದಕ್ಕೆ ಬಂದ ಶಿಕ್ಷೆಯೇನೂ ಇದಲ್ಲ.

ಮಾಸಿನ ಮೂಲಕ ಸಕ್ಕರೆ ಮಗುವಿಗೆ ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದ ಹೆಚ್ಚುವರಿ ಸಕ್ಕರೆಗೆ ಮಗು ತಾನೇ ಇನ್ಸುಲಿನ್ ತಯಾರಿಸಿ ಅದನ್ನು ಕೊಬ್ಬು ಮಾಡಿಟ್ಟುಕೊಳ್ಳುತ್ತದೆ. ಹೊಟ್ಟೆ, ಭುಜ ದಪ್ಪವಾಗಿ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಅಪಾಯ ಇದರಿಂದಲೇ. ಹುಟ್ಟಿದ ಮೇಲೆ ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆ ನಿಲ್ಲುತ್ತದೆ, ಆದರೆ ಮಗುವಿನ ಮೈಯಲ್ಲಿ ಇನ್ಸುಲಿನ್ ಇನ್ನೂ ಇರುತ್ತದೆ. ಆದ್ದರಿಂದ ಮೊದಲ ಗಂಟೆಗಳಲ್ಲಿ ಮಗುವಿನ ಶುಗರ್ ಕುಸಿಯಬಹುದು. ತಾಯಿಗೂ ರಕ್ತದೊತ್ತಡ ಏರುವ ಸಂಭವ ಹೆಚ್ಚು. 1990ರ ದಶಕದ ಕೊನೆಯಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಬಸುರಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ಬೆಳೆಯುವವರೆಗೂ ಗಮನಿಸಿದ ಪಾರ್ಥೆನಾನ್ ಅಧ್ಯಯನದಲ್ಲಿ, ಬಸುರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚಿರುವುದು ಕಂಡುಬಂತು. ‘ಹೆರಿಗೆ ಆದ್ಮೇಲೆ ಹೋಗುತ್ತೆ’ ಎಂದು ಸುಮ್ಮನಿರಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಒಂದು ಸಮಾಧಾನವೂ ಇದೆ. ಮಗುವಿನ ಅಂಗಾಂಗಗಳು ರೂಪುಗೊಳ್ಳುವುದು ಮೊದಲ ಎರಡು ಎರಡೂವರೆ ತಿಂಗಳಲ್ಲಿ. ಆರನೇ ತಿಂಗಳಲ್ಲಿ ಹೊಸದಾಗಿ ಕಾಣಿಸಿಕೊಂಡ ಶುಗರ್‌ನಿಂದ ಹುಟ್ಟುನ್ಯೂನತೆ ಬಂತೇನೋ ಎಂದು ಕೊರಗಬೇಕಾಗಿಲ್ಲ. ಬಸುರಿಗೆ ಮೊದಲೇ ಇದ್ದ ಶುಗರ್‌ನ ವಿಷಯ ಬೇರೆ. ಖಾಲಿ ಹೊಟ್ಟೆಯಲ್ಲಿ 126ಕ್ಕೆ ಮುಟ್ಟಿದರೆ ಅಥವಾ ಗ್ಲುಕೋಸ್ ಕುಡಿದ ಎರಡು ಗಂಟೆಯ ಅಂಕಿ 200 ಮುಟ್ಟಿದರೆ ವೈದ್ಯರು ಅದನ್ನು ಮೊದಲಿನಿಂದಿದ್ದ ಮಧುಮೇಹದಂತೆಯೇ ನೋಡುತ್ತಾರೆ. ಕಣ್ಣಿನ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆಯೂ ಸೇರಿಕೊಳ್ಳುತ್ತದೆ.

ಪರೀಕ್ಷೆ: ಎರಡು ಪದ್ಧತಿ, ಒಂದೇ ಗೊಂದಲ

ಬೆಂಗಳೂರಿನ ವಾಣಿವಿಲಾಸ ಸರ್ಕಾರಿ ಆಸ್ಪತ್ರೆಯಲ್ಲೋ ವಾರ್ಡಿನ ಹೆರಿಗೆ ಆಸ್ಪತ್ರೆಯಲ್ಲೋ ‘ತಿಂಡಿ ತಿಂದು ಬಂದರೂ ಪರವಾಗಿಲ್ಲ’ ಅಂದರು, ಖಾಸಗಿ ಲ್ಯಾಬಿನಲ್ಲಿ ‘ಎಂಟು ಗಂಟೆ ಉಪವಾಸ ಇರಬೇಕು’ ಅಂದರು ಎಂದು ಗಾಬರಿಯಾಗುವವರು ಬಹಳ. ಇವು ಎರಡು ಬೇರೆ ಪದ್ಧತಿಗಳು.

ಸರ್ಕಾರಿ ಪದ್ಧತಿಯಲ್ಲಿ ಹೊಟ್ಟೆ ಖಾಲಿ ಇರಲಿ ಬಿಡಲಿ, 75 ಗ್ರಾಂ ಗ್ಲುಕೋಸನ್ನು ಸುಮಾರು 300 ಮಿ.ಲೀ. ನೀರಿಗೆ ಕಲಸಿ ಐದು ಹತ್ತು ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆಯ ಬಳಿಕ ಒಂದೇ ಸಲ ರಕ್ತ. ಅಂಕಿ 140 ಅಥವಾ ಮೇಲಿದ್ದರೆ ಬಸುರಿನ ಮಧುಮೇಹ. ಚೆನ್ನೈನ ಡಾ. ವಿ. ಶೇಷಯ್ಯ ಅವರ ಕೆಲಸದಿಂದ ಬೆಳೆದು ಬಂದ ಈ ಕ್ರಮದ ಲಾಭ ದೊಡ್ಡದು. ದೂರದಿಂದ ಎರಡು ಬಸ್ಸು ಬದಲಿಸಿ ಬರುವ ಹೆಂಗಸು ಉಪವಾಸ ಕೂರಬೇಕಿಲ್ಲ. ಇನ್ನೊಂದು ಪದ್ಧತಿಯಲ್ಲಿ ಖಾಲಿ ಹೊಟ್ಟೆ, ಒಂದು ಗಂಟೆ, ಎರಡು ಗಂಟೆ ಎಂದು ಮೂರು ಸಲ ರಕ್ತ ತೆಗೆಯುತ್ತಾರೆ. 92, 180, 153 – ಈ ಮೂರರಲ್ಲಿ ಯಾವುದೊಂದನ್ನು ಮುಟ್ಟಿದರೂ ಶುಗರ್ ಇದೆ ಎಂದರ್ಥ. ಒಂದು ಪದ್ಧತಿಯ ಅಂಕಿಯನ್ನು ಇನ್ನೊಂದರ ಅಳತೆಗೆ ಹಾಕಿ ನೋಡಬೇಡಿ.

ಕೆಡುವುದೆಲ್ಲಿ? ಗಡಿಯಾರ ನೋಡುವುದರಲ್ಲಿ. ಕುಡಿಯಲು ಶುರುಮಾಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಎರಡು ಗಂಟೆ ಲೆಕ್ಕ ಅಲ್ಲಿಂದ. ಈ ನಡುವೆ ಕೆಳಗಿಳಿದು ಕಾಫಿ ಕುಡಿದರೆ ಅಥವಾ ಹೊತ್ತು ಹೋಗಲಿ ಎಂದು ಸುತ್ತಾಡಿದರೆ ಅಂಕಿ ಸುಳ್ಳಾಗುತ್ತದೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆ ಇನ್ನೊಂದು ದಿನ ಮತ್ತೆ ಮಾಡಬೇಕು. ಪೊಟ್ಟಣ 100 ಗ್ರಾಂನದ್ದಾಗಿದ್ದರೆ ಪೂರ್ತಿ ಸುರಿಯಬೇಡಿ, ತೂಗಿ ಹಾಕಿ.

ಪರೀಕ್ಷೆ ಎರಡು ಸಲ: ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ. ಮೊದಲನೆಯದು ಸರಿ ಬಂತೆಂದು ಎರಡನೆಯದನ್ನು ಬಿಟ್ಟವರೇ ಕೊನೆಗೆ ಎಂಟನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ‘ಮಗು ದಪ್ಪ ಇದೆ’ ಎಂದು ಕೇಳಿಸಿಕೊಳ್ಳುವುದು. ತಾಯಿ ಕಾರ್ಡಿನಲ್ಲಿ ಎರಡೂ ಅಂಕಿ ಬರೆಸಿಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಉಚಿತ.

ಗ್ಲುಕೋಮೀಟರ್ ಮತ್ತು ನೋಟ್‌ಬುಕ್

ಶುಗರ್ ಇದೆ ಎಂದಾದ ಮೇಲೆ ಮೊದಲು ಕೊಳ್ಳಬೇಕಾದದ್ದು ‘ಡಯಾಬಿಟಿಕ್’ ಬಿಸ್ಕತ್ತು ಅಲ್ಲ, ಗ್ಲುಕೋಮೀಟರ್. ಮೀಟರ್ ಅಗ್ಗಕ್ಕೆ ಸಿಗುತ್ತದೆ, ಸ್ಟ್ರಿಪ್ ದುಬಾರಿ. ಅದಕ್ಕೇ ಕೊಳ್ಳುವ ಮೊದಲು ಸ್ಟ್ರಿಪ್ಪಿನ ಬೆಲೆ ಕೇಳಿ.

ಮೊದಲ ವಾರಗಳಲ್ಲಿ ದಿನಕ್ಕೆ ನಾಲ್ಕು ಸಲ ನೋಡುವುದು ರೂಢಿ: ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟದ ನಂತರ. ಗುರಿ ಹೀಗಿರುತ್ತದೆ:

ಖಾಲಿ ಹೊಟ್ಟೆ: 95ಕ್ಕಿಂತ ಕಡಿಮೆ
ಊಟವಾಗಿ ಒಂದು ಗಂಟೆಗೆ: 140ಕ್ಕಿಂತ ಕಡಿಮೆ
ಎರಡು ಗಂಟೆಗೆ ನೋಡುವುದಾದರೆ: 120ಕ್ಕಿಂತ ಕಡಿಮೆ

ಒಂದು ಗಂಟೆಯೋ ಎರಡು ಗಂಟೆಯೋ ಎಂದು ವೈದ್ಯರನ್ನು ಕೇಳಿ ಒಂದಕ್ಕೇ ಅಂಟಿಕೊಳ್ಳಿ. ಲೆಕ್ಕ ಮೊದಲ ತುತ್ತಿನಿಂದ, ಕೈ ತೊಳೆದ ಮೇಲಲ್ಲ. ನಿಧಾನವಾಗಿ ಉಣ್ಣುವವರಿಗೆ ಇದರಿಂದಲೇ ಅರ್ಧ ಗಂಟೆ ಹೆಚ್ಚುಕಡಿಮೆಯಾಗುತ್ತದೆ.

ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಿ. ಬಾಳೆಹಣ್ಣು ಸುಲಿದ ಬೆರಳಲ್ಲೇ ಚುಚ್ಚಿದರೆ 110 ಇರುವುದು 180 ತೋರಿಸಿದರೂ ಆಶ್ಚರ್ಯವಿಲ್ಲ. ಬೆರಳಿನ ತುದಿಯ ನಡುವೆ ಬೇಡ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆಯಬೇಡಿ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಹಾಕಿ, ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ. ರಕ್ತಹೀನತೆ ಹೆಚ್ಚಿರುವವರಲ್ಲಿ ಹಲವು ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಲ್ಯಾಬಿನಲ್ಲಿ ರಕ್ತ ಕೊಡುವ ದಿನ ಅದೇ ಹೊತ್ತಿಗೆ ಮೀಟರಿನಲ್ಲೂ ನೋಡಿ ಹೋಲಿಸಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಬಸುರಿನಲ್ಲಿ ಪೂರ್ತಿ ನೆಚ್ಚುವಂತಿಲ್ಲ, ದಿನದಿನದ ಅಂಕಿಗೆ ಅದು ಬದಲಿಯಲ್ಲ.

ನೋಟ್‌ಬುಕ್ಕಿನಲ್ಲಿ ಬರೀ ಅಂಕಿ ಬರೆದರೆ ಯಾರಿಗೂ ಉಪಯೋಗವಿಲ್ಲ. ‘152’ ಎಂಬುದು ಏನನ್ನೂ ಹೇಳುವುದಿಲ್ಲ. ‘ಮೂರು ಇಡ್ಲಿ, ಚಟ್ನಿ, ಸಕ್ಕರೆ ಹಾಕಿದ ಕಾಫಿ, ಕೂತೇ ಇದ್ದೆ – 152’ ಎಂದಿದ್ದರೆ ಮರುದಿನ ಏನು ಬದಲಿಸಬೇಕೆಂದು ತಾನಾಗಿ ಹೊಳೆಯುತ್ತದೆ. ಮರುದಿನ ಎರಡು ಇಡ್ಲಿ, ದೊಡ್ಡ ಬಟ್ಟಲು ತರಕಾರಿ ಸಾಂಬಾರ್, ಒಂದು ಬೇಯಿಸಿದ ಮೊಟ್ಟೆ, ಹದಿನೈದು ನಿಮಿಷ ನಡಿಗೆ, ಮತ್ತೆ ಅಳತೆ. ಒಂದು ಸಲಕ್ಕೆ ಒಂದೆರಡನ್ನೇ ಬದಲಿಸಿ. ಯಾವುದೋ ಒಂದು ದಿನ ಅಂಕಿ ಏರಿದರೆ ಕಾರಣ ಹುಡುಕಿ ಬಿಟ್ಟುಬಿಡಿ. ಒಂದೇ ಹೊತ್ತಿನ ಅಂಕಿ ಮೂರು ದಿನ ಸಾಲಾಗಿ ಗುರಿ ದಾಟಿದರೆ ವೈದ್ಯರಿಗೆ ಫೋನ್ ಮಾಡಿ, ಮುಂದಿನ ಭೇಟಿಯವರೆಗೆ ಕಾಯಬೇಡಿ.

ತಟ್ಟೆಯಲ್ಲಿ ಏನು, ಎಷ್ಟು

ಶುಗರ್ ಏರಿಸುವುದು ಪಿಷ್ಟ (ಕಾರ್ಬೋಹೈಡ್ರೇಟ್): ಅನ್ನ, ಮುದ್ದೆ, ಚಪಾತಿ, ದೋಸೆ, ಅವಲಕ್ಕಿ, ಆಲೂಗಡ್ಡೆ, ಹಣ್ಣು, ಹಾಲು. ಇದನ್ನು ಪೂರ್ತಿ ಬಿಡಬಾರದು. ಬಸುರಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಪಿಷ್ಟ ಬೇಕು. ಉಪವಾಸ ಬಿದ್ದರೆ ಮೈ ಕೊಬ್ಬು ಕರಗಿ ಅದರಿಂದ ಹುಟ್ಟುವ ಕೀಟೋನ್ ಎಂಬ ರಾಸಾಯನಿಕ ರಕ್ತದಲ್ಲಿ ಏರುತ್ತದೆ, ಅದೂ ಮಗುವಿಗೆ ಒಳ್ಳೆಯದಲ್ಲ. ಮಾಡಬೇಕಾದದ್ದು ಅದನ್ನು ದಿನವಿಡೀ ಹಂಚುವುದು: ಮೂರು ಊಟ, ನಡುವೆ ಮೂರು ಸಣ್ಣ ತಿನಿಸು.

ಒಂದು ವಾರದ ಮಟ್ಟಿಗೆ ಅಡುಗೆಮನೆಯ ಚಿಕ್ಕ ತಕ್ಕಡಿ ತಂದಿಟ್ಟುಕೊಳ್ಳಿ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ. ಸಾರಿಗೊಮ್ಮೆ, ಮೊಸರಿಗೊಮ್ಮೆ ಬಡಿಸಿಕೊಂಡ ಅನ್ನ ತೂಗಿದರೆ ಸಲೀಸಾಗಿ 300 ಗ್ರಾಂ ಇರುತ್ತದೆ, ಅಂದರೆ 84 ಗ್ರಾಂ. ಒಂದು ಊಟಕ್ಕೆ 40ರಿಂದ 45 ಗ್ರಾಂ ಹೊಂದುವ ಮೈಗೆ ಅದು ಎರಡು ಪಟ್ಟು. ತೆಳ್ಳನೆಯ ಒಂದು ಚಪಾತಿಯಲ್ಲಿ 18ರಿಂದ 20 ಗ್ರಾಂ, ಮನೆಯ ಸಾಧಾರಣ ಇಡ್ಲಿಯಲ್ಲಿ ಹತ್ತು ಹನ್ನೆರಡು. ತಟ್ಟೆ ಇಡ್ಲಿಯ ಒಂದನ್ನು ಎರಡೋ ಮೂರೋ ಎಂದೇ ಎಣಿಸಿ.

ರಾಗಿಯ ಬಗ್ಗೆ ನೇರವಾಗಿ ಹೇಳಬೇಕು. ಬೆಂಗಳೂರಿನಲ್ಲಿ ಶುಗರ್ ಅಂದ ಕೂಡಲೇ ‘ಅನ್ನ ಬಿಡು, ಮುದ್ದೆ ತಿನ್ನು’ ಎಂಬ ಸಲಹೆ ಬರುತ್ತದೆ. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚು, ಒಳ್ಳೆಯದೇ. ಆದರೆ ಪಿಷ್ಟ ಅಕ್ಕಿಗಿಂತ ತೀರ ಕಡಿಮೆಯೇನಲ್ಲ. 50 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 35 ಗ್ರಾಂ ಇರುತ್ತದೆ. ಅಷ್ಟನ್ನು ಬಸ್ಸಾರು, ಪಲ್ಯ, ಕಾಳಿನ ಜೊತೆ ತಿಂದರೆ ಅಂಕಿ ಗುರಿಯೊಳಗೆ ಉಳಿಯುವ ಸಂಭವ ಹೆಚ್ಚು. ಹೋಟೆಲಿನ ದೊಡ್ಡ ಮುದ್ದೆಯಲ್ಲಿ ಹಿಟ್ಟು ಇದರ ಎರಡು ಪಟ್ಟೂ ಇರಬಹುದು. ಇನ್ನು ರಾಗಿ ಗಂಜಿ, ರಾಗಿ ಮಾಲ್ಟ್: ನುಣ್ಣಗೆ ಬೀಸಿ, ನೀರಾಗಿ ಬೇಯಿಸಿ, ಬೆಲ್ಲ ಹಾಕಿ ಕುಡಿದದ್ದು ಅಗಿಯುವ ಕೆಲಸವೇ ಇಲ್ಲದೆ ಬೇಗ ರಕ್ತಕ್ಕೆ ಸೇರುತ್ತದೆ. ಅತ್ತೆ ಪ್ರೀತಿಯಿಂದ ಬೆಳಗ್ಗೆ ಎದ್ದ ಕೂಡಲೇ ಕೊಡುವ ಆ ದೊಡ್ಡ ಲೋಟವೇ ಎಷ್ಟೋ ಮಂದಿಯ ಬೆಳಗಿನ ಏರಿಕೆಗೆ ಕಾರಣ. ಒಂದು ಸಲ ಕುಡಿದು ಅಳೆದು ತೋರಿಸಿ, ವಾದ ಮಾಡಬೇಕಾಗಿಲ್ಲ.

ಬೆಳಗಿನ ತಿಂಡಿ ಎಲ್ಲಕ್ಕಿಂತ ಕಷ್ಟ. ಆ ಹೊತ್ತಿಗೆ ಇನ್ಸುಲಿನ್ ಅತಿ ಮಂದವಾಗಿ ಕೆಲಸ ಮಾಡುತ್ತದೆ. ಮಧ್ಯಾಹ್ನ ಹೊಂದುವಷ್ಟೇ ಪಿಷ್ಟ ಬೆಳಗ್ಗೆ ಹೊಂದುವುದಿಲ್ಲ. ನಮ್ಮ ತಿಂಡಿಗಳೋ ಪಿಷ್ಟವೇ ಪಿಷ್ಟ: ಖಾರಾಬಾತ್, ಚಿತ್ರಾನ್ನ, ಪೊಂಗಲ್, ಸೆಟ್ ದೋಸೆ. ಬೆಳಗ್ಗೆ 30 ಗ್ರಾಂ ಆಸುಪಾಸಿಗೆ ಇಳಿಸಿ. ಒಂದು ಹೆಸರುಕಾಳಿನ ದೋಸೆ, ಪಕ್ಕದಲ್ಲಿ ಮೊಟ್ಟೆ ಅಥವಾ ಪನೀರು. ಸಣ್ಣ ಬಟ್ಟಲು ಉಪ್ಪಿಟ್ಟು, ಅದರಲ್ಲಿ ರವೆಗಿಂತ ಬೀನ್ಸು ಕ್ಯಾರೆಟ್ಟು ಹೆಚ್ಚು, ಜೊತೆಗೆ ಕೋಸಂಬರಿ. ಹಸಿವು ಉಳಿದರೆ ಹತ್ತೂವರೆಗೆ ಮಜ್ಜಿಗೆ, ಒಂದು ಹಿಡಿ ಹುರಿಗಡಲೆ. ತಿಂಡಿಯ ಜೊತೆ ಹಣ್ಣು, ಹಾಲು ಎರಡನ್ನೂ ಸೇರಿಸಬೇಡಿ, ಅವು ನಡುವಿನ ಹೊತ್ತಿಗೆ.

ಅವರೆಕಾಯಿಯ ಕಾಲದಲ್ಲಿ ಬಸುರಿಯಾದವರು ಅದೃಷ್ಟವಂತರು. ಹಿತಕಿದ ಬೇಳೆ ಸಾರಿನಲ್ಲಿ ಪ್ರೋಟೀನೂ ನಾರೂ ಇದೆ. ಜೊತೆಯ ಅಕ್ಕಿರೊಟ್ಟಿ ಒಂದಕ್ಕೆ ನಿಲ್ಲಲಿ. ಬೇಸಿಗೆಯಲ್ಲಿ ಮಾವಿನಹಣ್ಣು ಬಿಡಲಾಗುವುದಿಲ್ಲ ಎನ್ನುವವರಿಗೆ: 100 ಗ್ರಾಂ ತಿರುಳಿನಲ್ಲಿ 15 ಗ್ರಾಂ ಪಿಷ್ಟ. ರಸಪುರಿಯ ಎರಡು ಹೋಳು ಸಂಜೆ ನಾಲ್ಕಕ್ಕೆ, ಕೆಲವು ಬಾದಾಮಿಯ ಜೊತೆ ಸಾಧ್ಯ. ರಸಾಯನ, ಶೀಕರಣೆ, ಜ್ಯೂಸು ಸಾಧ್ಯವಿಲ್ಲ. ಬೆಲ್ಲ, ಜೇನು, ಖರ್ಜೂರದ ಸಿರಪ್ಪು ಮೀಟರಿಗೆ ಸಕ್ಕರೆಯೇ. ಸೀಮಂತದ ದಿನ ಮಡಿಲು ತುಂಬಿದವರೆಲ್ಲ ಬಾಯಿಗೆ ಸಿಹಿ ಇಡುತ್ತಾರೆ. ಮೊದಲು ಕೋಸಂಬರಿ, ಪಲ್ಯ ತಿಂದು, ಅನ್ನ ಬಿಟ್ಟು, ಅರ್ಧ ಹೋಳಿಗೆ ತಿಂದು, ಮಿಕ್ಕದ್ದನ್ನು ನಗುತ್ತಾ ಪಕ್ಕಕ್ಕೆ ದಾಟಿಸಿ.

‘ಎರಡು ಜೀವ, ಇಬ್ಬರದ್ದು ತಿನ್ನು’ ಎಂಬುದಕ್ಕೆ ಲೆಕ್ಕ ಕೇಳಿದರೆ, ನಾಲ್ಕನೇ ತಿಂಗಳ ನಂತರ ದಿನಕ್ಕೆ ಹೆಚ್ಚು ಬೇಕಾದದ್ದು ಸುಮಾರು 350 ಕ್ಯಾಲರಿ. ಒಂದು ಲೋಟ ಹಾಲು, ಒಂದು ಚಪಾತಿ, ಒಂದು ಬಟ್ಟಲು ಕಾಳಿಗೆ ಅದು ಮುಗಿಯುತ್ತದೆ.

ನಡಿಗೆ

ವೈದ್ಯರು ವಿಶ್ರಾಂತಿ ಹೇಳಿಲ್ಲದಿದ್ದರೆ ದಿನಕ್ಕೆ ಅರ್ಧ ಗಂಟೆ. ಬೆಳಗ್ಗೆ ಒಟ್ಟಿಗೆ ಲಾಲ್‌ಬಾಗಿಗೆ ಹೋಗಿ ಬರುವುದಕ್ಕಿಂತ ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ ಊಟದ ನಂತರದ ಅಂಕಿ ಚೆನ್ನಾಗಿ ಇಳಿಯುತ್ತದೆ. ಕಿತ್ತುಹೋದ ಫುಟ್‌ಪಾತಿನಲ್ಲಿ ಎಡವುವುದು ಬೇಡ, ಮನೆಯ ತಾರಸಿ, ಆಫೀಸಿನ ಕಾರಿಡಾರ್ ಸಾಕು. ಮಾತಾಡುತ್ತಾ ನಡೆಯುವಷ್ಟು ವೇಗ ಇರಲಿ.

ಬೆಳಗಿನ ಅಂಕಿ ಇಳಿಯದಿದ್ದರೆ

ಊಟದ ನಂತರದ್ದೆಲ್ಲ ಸರಿ, ಖಾಲಿ ಹೊಟ್ಟೆಯದ್ದು ಮಾತ್ರ 100, 104 ಎಂದು ಬರುವುದು ಬಹಳ ಸಾಮಾನ್ಯ. ಆಗ ಮಾಡುವ ತಪ್ಪೆಂದರೆ ರಾತ್ರಿ ಊಟ ಬಿಡುವುದು. ಹೊಟ್ಟೆ ಖಾಲಿ ಇದ್ದಷ್ಟೂ ಯಕೃತ್ತು ತಾನೇ ಸಕ್ಕರೆ ಬಿಡುತ್ತದೆ. ರಾತ್ರಿ ಊಟ ಎಂಟರೊಳಗೆ, ಆಮೇಲೆ ಹದಿನೈದು ನಿಮಿಷ ನಡಿಗೆ, ಮಲಗುವ ಮುನ್ನ ಸಕ್ಕರೆ ಹಾಕದ ಒಂದು ಲೋಟ ಹಾಲು ಅಥವಾ ಒಂದು ಹಿಡಿ ಕಡಲೆಬೀಜ. ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ಮನೆ ಮುಟ್ಟುವುದೇ ಒಂಬತ್ತಾದರೆ ಆರೂವರೆಗೆ ಆಫೀಸಿನಲ್ಲೇ ಡಬ್ಬಿಯ ಚಪಾತಿ ಪಲ್ಯ ತಿಂದುಬಿಡಿ. ಒಂದು ವಾರ ಹೀಗೆ ಮಾಡಿಯೂ 95 ದಾಟುತ್ತಿದ್ದರೆ ಪಥ್ಯವನ್ನು ಇನ್ನೂ ಬಿಗಿ ಮಾಡಿ ಪ್ರಯೋಜನವಿಲ್ಲ. ಆಹಾರಕ್ಕೆ ಅತಿ ಕಡಿಮೆ ಬಗ್ಗುವ ಅಂಕಿ ಇದು, ಔಷಧಿಯೇ ಬೇಕಾಗುತ್ತದೆ.

ಮಾತ್ರೆ, ಇನ್ಸುಲಿನ್

ಎರಡು ವಾರ ಊಟ, ನಡಿಗೆ ಸರಿಯಾಗಿದ್ದೂ ಗುರಿ ಸಿಗದಿದ್ದರೆ ವೈದ್ಯರು ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ಶುರುಮಾಡುತ್ತಾರೆ. ಅಂಕಿ ಬಹಳ ಮೇಲಿದ್ದರೆ ಅಷ್ಟು ಕಾಯುವುದೂ ಇಲ್ಲ. ಮೆಟ್‌ಫಾರ್ಮಿನ್ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ‘ಇನ್ಸುಲಿನ್ ಹಾಕಿದರೆ ಜೀವನಪೂರ್ತಿ’ ಎಂಬ ಭಯ ಇಲ್ಲಿ ಸಲ್ಲದು. ಬಸುರಿನಲ್ಲಿ ಮಾತ್ರ ಶುಗರ್ ಇದ್ದವರಿಗೆ ಹೆರಿಗೆಯ ದಿನವೇ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಏಳು ಎಂಟನೇ ತಿಂಗಳಲ್ಲಿ ಡೋಸ್ ಏರುತ್ತಾ ಹೋಗುವುದು ಸಹಜ, ಮಾಸು ಬೆಳೆದಂತೆ ಬೇಡಿಕೆ ಬೆಳೆಯುತ್ತದೆ. ಬದಲಿಗೆ ಕೊನೆಯ ತಿಂಗಳುಗಳಲ್ಲಿ ಡೋಸ್ ಬದಲಿಸದೆಯೇ ಶುಗರ್ ಇದ್ದಕ್ಕಿದ್ದಂತೆ ತೀರ ಇಳಿಯತೊಡಗಿದರೆ ಅದೇ ದಿನ ತಿಳಿಸಿ.

ಸಿರಿಂಜಿನ ತಪ್ಪು ಅಪಾಯಕಾರಿ. ನಮ್ಮಲ್ಲಿ ಹೆಚ್ಚಿನ ಇನ್ಸುಲಿನ್ ಬಾಟಲಿಗಳು ಮಿ.ಲೀ.ಗೆ 40 ಯೂನಿಟ್ ಶಕ್ತಿಯವು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. 100 ಶಕ್ತಿಯದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸ್ ಮೈಗೆ ಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಬಾಟಲಿ, ಸಿರಿಂಜ್ ಎರಡರ ಮೇಲಿನ ಅಂಕಿಯೂ ಒಂದೇ ಎಂದು ನೋಡಿಕೊಂಡೇ ಹಣ ಕೊಡಿ.

ಹೊಟ್ಟೆಗೆ ಚುಚ್ಚಿದರೆ ಮಗುವಿಗೆ ತಗಲುವುದಿಲ್ಲ, ಸೂಜಿ ಮುಟ್ಟುವುದು ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ. ಮನಸ್ಸೊಪ್ಪದಿದ್ದರೆ ತೊಡೆಯ ಹೊರಭಾಗ ಆಗಬಹುದು. ಪ್ರತಿ ಸಲ ಎರಡು ಬೆರಳಷ್ಟು ಜಾಗ ಬದಲಿಸಿ, ಗಂಟು ಕಟ್ಟಿದ ಜಾಗದಲ್ಲಿ ಔಷಧಿ ಸರಿಯಾಗಿ ಹೀರುವುದಿಲ್ಲ. ಹಾಲಿನ ಬಣ್ಣದ ಇನ್ಸುಲಿನ್ನನ್ನು ಅಂಗೈ ನಡುವೆ ಉರುಳಿಸಿ, ಕುಲುಕಬೇಡಿ. ಊಟಕ್ಕೆ ಅರ್ಧ ಗಂಟೆ ಮೊದಲೋ ತಟ್ಟೆಯ ಮುಂದೆ ಕೂತ ಮೇಲೋ ಎಂಬುದು ಇನ್ಸುಲಿನ್ ಯಾವುದೆಂಬುದರ ಮೇಲಿದೆ, ಚೀಟಿಯಲ್ಲಿ ಬರೆಸಿಕೊಳ್ಳಿ. ತೆರೆಯದ್ದು ಫ್ರಿಜ್ಜಿನ ಬಾಗಿಲಿನ ಕಡೆ ಇರಲಿ, ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದನ್ನು ಎಸೆಯಿರಿ. ಬಳಸುತ್ತಿರುವುದು ಬೆಂಗಳೂರಿನ ಹವೆಗೆ ಹೊರಗೇ ಸುಮಾರು ನಾಲ್ಕು ವಾರ ಇರುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬೇಡ.

ಇನ್ಸುಲಿನ್ ತೆಗೆದುಕೊಳ್ಳುವವರ ಚೀಲದಲ್ಲಿ ಗ್ಲುಕೋಸ್ ಪುಡಿ ಸದಾ ಇರಬೇಕು. ಕೈ ನಡುಕ, ಬೆವರು, ಎದೆ ಬಡಿತ, ತಲೆ ಸುತ್ತು ಬಂದು ಅಂಕಿ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಗ್ಲುಕೋಸನ್ನು ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಮತ್ತೊಮ್ಮೆ. ಸರಿಹೋದ ಮೇಲೆ ಊಟ ಅಥವಾ ತಿಂಡಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಅಳೆಯಲಾಗದಿದ್ದರೆ ಮೊದಲು ಗ್ಲುಕೋಸ್, ಅಳತೆ ಆಮೇಲೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, 108ಕ್ಕೆ ಕರೆ ಮಾಡಿ.

ಮಗುವಿನ ಚಲನೆ ಕಡಿಮೆಯಾಗುವುದು, ನೀರು ಅಥವಾ ರಕ್ತ ಹೋಗುವುದು, ಬಿಡದ ತಲೆನೋವು ಜೊತೆಗೆ ಕಣ್ಣು ಮಂಜಾಗುವುದು, ತಿಂದದ್ದು ಏನೂ ಹೊಟ್ಟೆಯಲ್ಲಿ ನಿಲ್ಲದಂಥ ವಾಂತಿ, ಶುಗರ್ 200ರ ಮೇಲೇ ನಿಲ್ಲುವುದು – ಇವುಗಳಿಗೆ ಫೋನ್ ಸಾಲದು, ಆಸ್ಪತ್ರೆಗೆ ಹೋಗಿ. ಅವಧಿಗೆ ಮುನ್ನ ಹೆರಿಗೆಯಾಗಬಹುದೆಂದು ಮಗುವಿನ ಶ್ವಾಸಕೋಶಕ್ಕೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೆಲವು ದಿನ ಅಂಕಿ ಜಿಗಿಯುತ್ತದೆ. ಊಟವನ್ನು ದೂರಬೇಡಿ, ಅಳತೆ ಹೆಚ್ಚಿಸಿ.

ಹೆರಿಗೆ, ಆಮೇಲೆ

ಶುಗರ್ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗಿಲ್ಲ. ಊಟದಲ್ಲೇ ಹತೋಟಿಯಲ್ಲಿದ್ದು ಮಗುವಿನ ಬೆಳವಣಿಗೆ ಸರಿಯಾಗಿದ್ದರೆ 39–40 ವಾರದವರೆಗೆ ಕಾಯಬಹುದು. ಔಷಧಿಯಲ್ಲಿ ಇರುವವರಿಗೆ, ಅಂಕಿ ಏರುಪೇರಾದವರಿಗೆ ದಿನ ಬೇಗ ನಿಗದಿಯಾಗಬಹುದು.

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿಸಿಕೊಳ್ಳಿ. ಆ ಮೊದಲ ಹಾಲೇ ಮಗುವಿನ ಶುಗರ್ ಕುಸಿಯದಂತೆ ತಡೆಯುವ ಮೊದಲ ಚಿಕಿತ್ಸೆ. ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಕೆಲವು ಸಲ ಪರೀಕ್ಷಿಸುತ್ತಾರೆ, ಬೇಡ ಎನ್ನಬೇಡಿ. ಜೇನು, ಸಕ್ಕರೆ ನೀರು ನೆಕ್ಕಿಸುವುದಕ್ಕೆ ಮಾತ್ರ ಯಾರಿಗೂ ಅವಕಾಶ ಕೊಡಬೇಡಿ.

ಎಲ್ಲರೂ ಮರೆಯುವ ಪರೀಕ್ಷೆ ಆರನೇ ವಾರದ್ದು. ಆ ಹೊತ್ತಿಗೆ ಬಾಣಂತಿ ಬೆಂಗಳೂರಿನಲ್ಲಿರುವುದಿಲ್ಲ. ಹಾಸನದಲ್ಲೋ ಕೋಲಾರದಲ್ಲೋ ತವರಿನಲ್ಲಿ ಇರುತ್ತಾಳೆ, ಅಲ್ಲಿನ ವೈದ್ಯರಿಗೆ ಬಸುರಿನ ಕಥೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಚೀಟಿಯ ಮೇಲೆ ದಿನಾಂಕ ಬರೆಸಿಕೊಂಡು, ಮಗುವಿನ ಆರನೇ ವಾರದ ಲಸಿಕೆಯ ದಿನವೇ ಇದನ್ನೂ ಇಟ್ಟುಕೊಳ್ಳಿ. ಈಗ ಅಳತೆಗೋಲು ಬೇರೆ: ರಾತ್ರಿಯಿಡೀ ಉಪವಾಸವಿದ್ದು 75 ಗ್ರಾಂ ಗ್ಲುಕೋಸ್, ಎರಡು ಗಂಟೆಗೆ 140ಕ್ಕಿಂತ ಕಡಿಮೆ ಇದ್ದರೆ ಸರಿ, 140ರಿಂದ 199 ಎಚ್ಚರಿಕೆ, ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ. ಸರಿ ಬಂದರೂ ವರ್ಷಕ್ಕೊಮ್ಮೆ ನೋಡಿಸುತ್ತಿರಿ. ಬಾಣಂತನದ ಅಂಟಿನುಂಡೆ, ತುಪ್ಪದನ್ನ ದಿನಕ್ಕೆ ಮೂರು ಹೊತ್ತು ನಡೆದರೆ ಏರಿದ ತೂಕ ಇಳಿಯುವುದಿಲ್ಲ. ಇಳಿಯದ ತೂಕದ ಜೊತೆ ಮತ್ತೆ ಬಸಿರಾದರೆ ಶುಗರ್ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಎರಡನೇ ಮಗುವಿನ ಯೋಚನೆ ಬಂದಾಗ ಬಸಿರಿಗೆ ಮೊದಲೇ ಒಮ್ಮೆ ಪರೀಕ್ಷೆ ಮಾಡಿಸಿ, ಹೊಸ ಆಸ್ಪತ್ರೆಯಾದರೆ ಮೊದಲ ಭೇಟಿಯಲ್ಲೇ ಹಳೆಯ ನೋಟ್‌ಬುಕ್ ತೋರಿಸಿ.